ಫ್ಯಾನಿನ ಸದ್ದು ತಗ್ಗಿಸಿದ ಟೀಚರ್

ಶಾಲೆಯ ಲ್ಯಾಪ್‌ಟಾಪನ್ನು ಎತ್ತಿ, ಅದರ ಅಡಿಗೆ ಕೈಯ ಹಿಂಬದಿ ಒತ್ತಿ ಕಣ್ಣು ಮುಚ್ಚುತ್ತಿದ್ದರು ನಮ್ಮ ವಿಜ್ಞಾನದ ಟೀಚರ್. ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವಂತೆಯೇ. "ಜೋರು ಬಿಸಿ ಉಂಟು ಮಾರಾಯ್ತಿ" ಎಂದು ನನ್ನತ್ತ ತಿರುಗುತ್ತಿದ್ದರು.

ಕುಂಬ್ರದ ಹತ್ತಿರದ ನಮ್ಮ ಶಾಲೆಯಲ್ಲಿ ಇದ್ದದ್ದು ಅದೊಂದೇ. ಬೇಸಗೆಯಲ್ಲಿ ಕಾದು ಕಾದು ಪಾಠದ ಮಧ್ಯೆ ಆಫ್ ಆಗಿಬಿಡುತ್ತಿತ್ತು. ಪ್ರೊಸೆಸರಿಗೆ ಹೋಗುವ ವೋಲ್ಟೇಜನ್ನು ಚೂರು ತಗ್ಗಿಸಿದರೆ ಬಿಸಿ ಇಳಿಯುತ್ತದೆ, ಕೆಲಸವೇನೂ ನಿಧಾನವಾಗುವುದಿಲ್ಲ ಎಂದು ಎಲ್ಲೋ ಓದಿ, ಟೀಚರ್ ತಾವೇ ಅದನ್ನು ಕಲಿತಿದ್ದರು. ಸ್ವಲ್ಪ ಇಳಿಸುವುದು, ದೊಡ್ಡ ವೀಡಿಯೊ ಓಡಿಸಿ ತಡೆದುಕೊಳ್ಳುತ್ತದೆಯೇ ನೋಡುವುದು, ಮತ್ತೆ ಸ್ವಲ್ಪ ಇಳಿಸುವುದು. "ಹೆಚ್ಚು ಇಳಿಸಿದ್ರೆ ನಿಂತೇ ಹೋಗ್ತದೆ. ಪರೀಕ್ಷೆ ಮಾಡದೆ ಬಿಡ್ಲಿಕ್ಕಿಲ್ಲ" ಎನ್ನುತ್ತಿದ್ದರು. ಸುಳ್ಯ ಕಡೆಯವರು. ಮನೆಯಲ್ಲಿ ಅರೆಭಾಷೆ, ತರಗತಿಯಲ್ಲಿ ಪುಸ್ತಕದ ಕನ್ನಡ, ಸಿಟ್ಟು ಬಂದರೆ ತುಳು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಬಾವಿ ನೀರಿನ ಕೆಂಪು ಕಲೆ ಹೋಗಲಾಡಿಸುವ ನನ್ನ ಪ್ರಯೋಗ ಒಂದು ಸ್ಪರ್ಧೆಯ ಕೊನೆಯ ಸುತ್ತಿಗೆ ಬಂತು. ವೀಡಿಯೊ ಕರೆಯಲ್ಲಿ ವಿವರಿಸಬೇಕಿತ್ತು. ಆ ಬೆಳಿಗ್ಗೆ ಲ್ಯಾಪ್‌ಟಾಪಿನ ಫ್ಯಾನ್ ಒಂದೇ ಸಮನೆ ಬೊಬ್ಬೆ ಹಾಕುತ್ತಿತ್ತು. ನನ್ನದು ಮೊದಲೇ ಸಣ್ಣ ಧ್ವನಿ. "ನಿನ್ನ ಮಾತು ಅವರಿಗೆ ಕೇಳ್ಬೇಕಲ್ಲ" ಎಂದು ಟೀಚರ್ ವೋಲ್ಟೇಜನ್ನು ಇನ್ನೂ ಒಂದಿಷ್ಟು ಇಳಿಸಿದರು. ಪರೀಕ್ಷಿಸಲು ಹೊತ್ತಿರಲಿಲ್ಲ. ಫ್ಯಾನ್ ಸುಮ್ಮನಾಯಿತು. ತೀರ್ಪುಗಾರರು ಮೊದಲ ಪ್ರಶ್ನೆ ಕೇಳುತ್ತಿದ್ದಂತೆ ಪರದೆಯೂ ಸ್ತಬ್ಧವಾಯಿತು. ಮತ್ತೆ ಚಾಲೂ ಆಗುವಷ್ಟರಲ್ಲಿ ನನ್ನ ಸರದಿ ಮುಗಿದಿತ್ತು.

"ನೆಟ್‌ವರ್ಕ್ ಕೈಕೊಟ್ಟಿತು" ಎಂದರು ಹೆಡ್‌ಮಾಸ್ಟರು.

"ಇಲ್ಲ ಸರ್, ನಾನು ಹಾಳು ಮಾಡಿದ್ದು" ಎಂದರು ಟೀಚರ್, ಎಲ್ಲರ ಎದುರು. ಅವರ ಕಿವಿ ಕೆಂಪಾಗಿತ್ತು.

ಸಂಜೆ ನಮ್ಮ ಮನೆಗೂ ಬಂದರು. ನನ್ನ ಉಮ್ಮ ಕೊಟ್ಟ ಚಾ ಮುಟ್ಟಲಿಲ್ಲ. ನನ್ನನ್ನೇ ಕರೆದು ಹೇಳಿದರು: "ತಪ್ಪು ನನ್ನದು ಮಗಳೇ. ನಿಮಗೆಲ್ಲ ಹೇಳಿಕೊಟ್ಟದ್ದನ್ನು ನಾನೇ ಮಾಡ್ಲಿಲ್ಲ. ಕ್ಷಮಿಸು."

"ಎಂತ ಟೀಚರೇ, ನೀವು ಮಕ್ಕಳ ಹತ್ರ ಹೀಗೆ ಹೇಳುದಾ?" ಉಮ್ಮ ಗಾಬರಿಯಾದರು.

ದೊಡ್ಡವರು ಯಾರೂ ಅದುವರೆಗೆ ನನ್ನಲ್ಲಿ ಕ್ಷಮೆ ಕೇಳಿರಲಿಲ್ಲ. ನಾಚಿಕೆಯಿಂದ ಮುಖವೆಲ್ಲ ಉರಿಯಿತು. ಅಷ್ಟು ದೊಡ್ಡ ಜೀವ ನನ್ನೆದುರು ತಲೆತಗ್ಗಿಸಿ ಕೂತದ್ದನ್ನು ನೋಡಲಾಗದೆ ಒಳಗೆ ಓಡಿದೆ. ಆಮೇಲೆ ಶಾಲೆಯಲ್ಲಿ ಅವರು ನನ್ನ ಕಣ್ಣು ತಪ್ಪಿಸಿದರು, ನಾನು ಅವರದು. ಆ ವರ್ಷ ಹಾಗೆಯೇ ಮುಗಿಯಿತು.

ಕಳೆದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ಸುದ್ದಿ ಕೇಳಿ ಸುಳ್ಯಕ್ಕೆ ಹೋದೆ. ಹೆಸರು ಹೇಳಿದ ಕೂಡಲೇ ಅವರ ಮಗಳು ನನ್ನ ಕೈ ಹಿಡಿದುಕೊಂಡರು.

"ನೀವಾ? ಅಮ್ಮ ನಿಮ್ಮ ವಿಷಯ ತುಂಬಾ ಹೇಳ್ತಿದ್ರು. ಕ್ಷಮೆ ಕೇಳ್ಲಿಕ್ಕೆ ಹೋದೆ, ಹುಡುಗಿ ಎದ್ದು ಒಳಗೆ ಹೋದ್ಳು, ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟು ಉಂಟು ಅಂತ."

ಸಿಟ್ಟಲ್ಲ ಎಂದೆ. ಮಗಳು ತಲೆಯಾಡಿಸಿದರು. ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.