ಉಪಗ್ರಹಕ್ಕೂ ಮನೆ ತೋರಿಸದ ಮಾಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಖಾನಾಪುರ ಬಸ್ ನಿಲ್ದಾಣದಲ್ಲಿ ಮಾಯಕ್ಕ ಚಹಾ ಮುಗಿಸಿ ಮಾತ್ರೆಗಳ ಚೀಲವನ್ನು ಹೆಗಲಿಗೇರಿಸುತ್ತಾರೆ. ಟಿಳಕವಾಡಿಯ ಸೇವಾ ಸಂಸ್ಥೆಯೊಂದರ ಕಾರ್ಯಕರ್ತೆ ಅವರು. ಕ್ಷಯ ಹಿಡಿದವರ ಊರಿಗೇ ಹೋಗಿ, ಎದುರು ನಿಂತು ಮಾತ್ರೆ ನುಂಗಿಸುವುದು ಅವರ ಕೆಲಸ. ನಡುವೆ ಬಿಟ್ಟರೆ ರೋಗ ಇನ್ನೂ ಜೋರಾಗಿ ಮರಳುತ್ತದೆ. ಊರಿನ ಹೆಸರು ಬರೆಯಬಾರದೆಂಬ ಷರತ್ತಿಗೆ ಒಪ್ಪಿಯೇ ನಾನೂ ಅವರ ಜೊತೆ ಬಸ್ಸು ಹತ್ತಿದ್ದೇನೆ.

ಮಾಯಕ್ಕ ಯಾರ ಮನೆಗೂ ಹೋಗುವುದಿಲ್ಲ. ಮೈಲಾರಲಿಂಗನ ಗುಡಿಕಟ್ಟೆಯಲ್ಲಿ ಕೂತು ಬಂದವರ ಹಣೆಗೆಲ್ಲ ದೇವರ ಭಂಡಾರದ ಅರಿಶಿನ ಹಚ್ಚುತ್ತಾರೆ. ಕೆಲವರಿಗೆ ಗುಡಿಯ ಹಿಂದೆ ಮಾತ್ರೆ, ನೀರು ಕೂಡ ಸಿಗುತ್ತವೆ. ಇದರಿಂದ ದೇವರಿಗೇನೂ ನಷ್ಟವಿಲ್ಲ! ಹಾಗೆ ಬರುತ್ತಿದ್ದವರಲ್ಲಿ ಗೌರವ್ವ ಒಬ್ಬರು. ಶಾಲೆಯ ಬಿಸಿಯೂಟ ಮಾಡುವವರು. ಇನ್ನು ಯಾರಿಗೂ ಸೋಂಕು ತಗಲದೆಂದು ಡಾಕ್ಟರು ಹೇಳಿದ ಮೇಲೆಯೇ ಅವರು ಮತ್ತೆ ಸೌಟು ಹಿಡಿದದ್ದು. ಆದರೆ ಊರಬಾಯಿಗೆ ಡಾಕ್ಟರ ಮಾತು ಸಾಲುತ್ತದೆಯೇ? ಸುದ್ದಿ ಹಬ್ಬಿದ್ದರೆ ಅವರ ಕೆಲಸ ಅಂದೇ ಹೋಗುತ್ತಿತ್ತು.

ಕಳೆದ ವರ್ಷ ಸಂಸ್ಥೆ ಮಾಯಕ್ಕನ ಕೈಗೆ ಒಂದು ಜಿಪಿಎಸ್ ಯಂತ್ರ ಕೊಟ್ಟಿತು. ರೋಗಿಯ ಮನೆಯೆದುರು ಗುಂಡಿ ಒತ್ತಿದರೆ ಉಪಗ್ರಹಗಳ ನೆರವಿನಿಂದ ಆ ಜಾಗ ಅದರಲ್ಲಿ ದಾಖಲಾಗುತ್ತದೆ. ಆಮೇಲೆ ಕಚೇರಿ ಗೋಡೆಯ ನಕ್ಷೆಯಲ್ಲಿ ಕೆಂಪು ಚುಕ್ಕೆ. ಹೆಸರೇನೂ ಬರೆಯುವುದಿಲ್ಲವಲ್ಲ ಎಂದರಂತೆ ಕಚೇರಿಯವರು. ಹಳ್ಳಿಯಲ್ಲಿ ಮನೆ ಗೊತ್ತಾದ ಮೇಲೆ ಹೆಸರು ಯಾರಿಗೆ ಬೇಕು?

ಮಾಯಕ್ಕ ಎಲ್ಲರ ಲೆಕ್ಕಕ್ಕೂ ಗುಡಿಯ ಮುಂದೆಯೇ ಗುಂಡಿ ಒತ್ತಿದರು. “ನಮ್ಮಪ್ಪ ಕುರಿ ಕಾಯಾಂವ್ರಿ. ಕುರಿ ಎಷ್ಟ ಅದಾವು, ರಾತ್ರಿ ಯಾರ ಹೊಲದಾಗ ಹಿಂಡ ನಿಲ್ಲಸ್ತಿ ಅಂತ ಕೇಳಿದ್ರ ಖರೇ ಹೇಳ್ತಿದ್ದಿಲ್ಲ. ಒಬ್ಬಗ ಹೇಳಿದ್ರ ಕಳ್ಳಗೂ ಹೇಳಿದಂಗ” ಎನ್ನುತ್ತಾರೆ.

ನಕ್ಷೆಯಲ್ಲಿ ಊರಿನ ಕ್ಷಯವೆಲ್ಲ ಗುಡಿಯೊಳಗೇ ಇರುವುದನ್ನು ಕಂಡು ಕಚೇರಿಯವರು ಯಂತ್ರವನ್ನೇ ರಿಪೇರಿಗೆ ಕಳಿಸಿದರಂತೆ. ಇದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಯಂತ್ರ ಸರಿಯಾಗಿಯೇ ಇದೆ ಎಂದು ತಿಳಿದಾಗ ಮೇಲ್ವಿಚಾರಕಿ ಮುಗ್ಧಾ ಅವರು ಮಾಯಕ್ಕನನ್ನು ಕರೆಸಿದರು. ಮತ್ತೆ ಮನೆಮನೆಗೆ ಹೋಗಿ ಒತ್ತಬೇಕು, ಇಲ್ಲದಿದ್ದರೆ ಕೆಲಸವಿಲ್ಲ ಎಂದರು. ಮಾಯಕ್ಕನ ಉತ್ತರ ಗಟ್ಟಿಯಾಗಿತ್ತು: “ನೌಕರಿ ನಿಮ್ದರೀ, ತಗೋರಿ. ಮನಿ ಅವರದು. ನಾ ತೋರಸಂಗಿಲ್ಲ.”

ಮುಗ್ಧಾ ತಾವೇ ಕಚೇರಿ ಕಡತದ ವಿಳಾಸ ಹಿಡಿದು ಊರಿಗೆ ಬಂದರು. ಎರಡು ಬಾಗಿಲ ಮುಂದೆ ಯಂತ್ರ ಹಿಡಿದು ನಿಂತದ್ದೇ ತಡ, ಓಣಿಯ ಬಾಗಿಲುಗಳೆಲ್ಲ ಮುಚ್ಚಿದವು. ಅಂದು ಮಾತ್ರೆಗೆ ಒಬ್ಬರೂ ಬರಲಿಲ್ಲ. ಗೌರವ್ವನೂ ಬರಲಿಲ್ಲ. ಬಿಸಿಲೇರುವವರೆಗೆ ಕಟ್ಟೆಯ ಮೇಲೆ ಕಾದ ಮುಗ್ಧಾ ಕೊನೆಗೆ ಒತ್ತಿದ್ದನ್ನೆಲ್ಲ ಅಳಿಸಿ, ಗುಡಿಯ ಮುಂದೆ ನಿಂತು ತಮ್ಮ ಕೈಯಾರೆ ಗುಂಡಿ ಒತ್ತಿದರು. ಅದು ದೊಡ್ಡತನವೇ. ಮಾಯಕ್ಕ ಬೀಗುತ್ತ ಕೂರಲಿಲ್ಲ. ಹಿತ್ತಿಲ ದಾರಿಯಲ್ಲಿ ಹೋಗಿ ಒಬ್ಬೊಬ್ಬರನ್ನೇ ಒಲಿಸಿ ಕರೆತಂದರು.

ಈಗ ಸಂಸ್ಥೆಯಲ್ಲಿ ನಿಯಮವೇ ಬದಲಾಗಿದೆ. ಊರಿಗೊಂದೇ ಚುಕ್ಕೆ, ಅದೂ ಊರ ನಡುವೆ. ಆ ಊರಿನಲ್ಲಿ ಆಗ ಮಾತ್ರೆ ಶುರುಮಾಡಿದವರೆಲ್ಲ ಔಷಧ ಮುಗಿಸಿದ್ದಾರೆ. ಇದಕ್ಕಿಂತ ದೊಡ್ಡ ಗೆಲುವು ನನಗಂತೂ ಕಾಣದು.

ಗೌರವ್ವ ಪೂರ್ತಿ ಗುಣವಾದರು. ಮೊನ್ನೆ ಶಾಲೆಯ ಪಾಲಕರ ಸಭೆಯಲ್ಲಿ ಎದ್ದು ನಿಂತು, ತಮಗೆ ಕ್ಷಯ ಆಗಿತ್ತು, ಮಾತ್ರೆ ನುಂಗಿ ವಾಸಿಯಾಯಿತು, ಕೆಮ್ಮು ಬಿಡದವರು ಸುಮ್ಮನಿರಬೇಡಿ ಎಂದುಬಿಟ್ಟರು. ಮರುದಿನ ಮಕ್ಕಳು ಎಂದಿನಂತೆ ಅವರ ಕೈಯಿಂದಲೇ ಅನ್ನ ಬಡಿಸಿಕೊಂಡರು. ಹೊಸದಾಗಿ ಇಬ್ಬರು ಕಫ ಪರೀಕ್ಷೆಗೆ ಬಂದರು.

ನೌಕರಿ ಪಣಕ್ಕಿಟ್ಟು ನೀವು ಮುಚ್ಚಿಟ್ಟದ್ದನ್ನು ಅವರು ಊರಿಗೆಲ್ಲ ಹೇಳಿಬಿಟ್ಟರಲ್ಲ, ಬೇಸರವಿಲ್ಲವೇ ಎಂದು ಕೇಳಿದೆ. ಮಾಯಕ್ಕನ ಮುಖ ಅರಳಿತು.

“ಅದು ಆಕೀ ಮಾತು ಐತ್ರಿ. ಆಕೀನ ಹೇಳಬೇಕಿತ್ತು. ಅಲ್ಲೀತನಾ ನಾ ಜ್ವಾಕಿ ಮಾಡೀನಷ್ಟ.”