ಯಾರಿಂದ ಬಂತು ಎಂದು ರಕ್ತ ಹೇಳುವುದಿಲ್ಲ

ಬೆಳಿಗ್ಗೆ ಆರು ಗಂಟೆಗೆ ಆಸ್ಪತ್ರೆಯ ಹದಿನೇಳನೆಯ ಕೊಠಡಿಯಲ್ಲಿ ದೀಪ ಹತ್ತುತ್ತದೆ. ಒಳಗೆ ಬಂದ ಹೆಂಗಸು ಮೊದಲು ಮಾಡುವ ಕೆಲಸ ಕುರ್ಚಿಗಳನ್ನು ಜರುಗಿಸುವುದು. ಹಿಂದಿನ ಸಂಜೆ ಕಸ ಗುಡಿಸಿದವರು ಎರಡು ಕುರ್ಚಿಗಳನ್ನು ಎದುರುಬದುರಾಗಿ ಇಟ್ಟು ಹೋಗಿರುತ್ತಾರೆ. ಆಕೆ ಎರಡನ್ನೂ ಮೇಜಿನ ಒಂದೇ ಬದಿಗೆ ಎಳೆದು ನಡುವೆ ಒಂದು ಗೇಣು ಜಾಗ ಬಿಡುತ್ತಾರೆ. ತಮ್ಮ ಸ್ಟೂಲನ್ನು ಇನ್ನೊಂದು ಬದಿಗೆ ಹಾಕಿಕೊಳ್ಳುತ್ತಾರೆ.

“ಎದುರುಬದುರು ಕೂತ್ರೆ ಕೋರ್ಟಾಗುತ್ತೆ. ಪಕ್ಕಪಕ್ಕ ಕೂತ್ರೆ ಇಬ್ಬರೂ ನನ್ನನ್ನೇ ನೋಡ್ಬೇಕು. ಬೈಯೋದಿದ್ರೂ ನನ್ನನ್ನೇ ಬೈಲಿ” ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಾರೆ. ಹುದ್ದೆಯ ಪ್ರಕಾರ ಇವರ ಕೆಲಸ ರಕ್ತ ತೆಗೆಯುವುದು. ಬಾಗಿಲು ತೆರೆದ ಕೂಡಲೇ ಹಸಿದ ಹೊಟ್ಟೆಯವರ ಸಾಲು ಒಳಗೆ ಬರುತ್ತದೆ. ಮೊದಲನೆಯವರು ಒಬ್ಬ ಮುದುಕರು. ತೋಳು ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತಿದ್ದಾರೆ.

“ಆಯ್ತೇನಮ್ಮಾ?”

“ಆಗಿ ಎಷ್ಟೊತ್ತಾಯ್ತು ಅಜ್ಜ, ನೀವು ಕಣ್ಣು ಬಿಡೋದೊಂದೇ ಬಾಕಿ.”

ಒಂಬತ್ತರ ಹೊತ್ತಿಗೆ ನಲವತ್ತು ಮಂದಿಯ ರಕ್ತ ಕೊಳವೆಗಳಲ್ಲಿ ತುಂಬಿ ಪ್ರಯೋಗಾಲಯಕ್ಕೆ ಹೋಗಿರುತ್ತದೆ. ಆಮೇಲೆ ಶುರುವಾಗುವ ಕೆಲಸ ಇವರ ನೇಮಕಾತಿ ಆದೇಶದಲ್ಲಿ ಇಲ್ಲ, ಅದಕ್ಕೆ ಸಂಬಳವೂ ಇಲ್ಲ. ಚರ್ಮರೋಗದ ವೈದ್ಯರು ದಿನಕ್ಕೆ ಎರಡು ಮೂರು ಜೋಡಿಗಳನ್ನು ಇಲ್ಲಿಗೆ ಕಳುಹಿಸುತ್ತಾರೆ. ಗಂಡನ ವರದಿ ಒಂದು ಹೇಳುತ್ತದೆ, ಹೆಂಡತಿಯ ವರದಿ ಇನ್ನೊಂದು ಹೇಳುತ್ತದೆ. ಇಬ್ಬರ ಮುಖವೂ ಬಿಗಿದಿರುತ್ತದೆ. ವೈದ್ಯರ ಬಾಗಿಲಲ್ಲಿ ಅರವತ್ತು ಜನ ಕಾಯುತ್ತಿರುವಾಗ ಒಂದು ದಾಂಪತ್ಯಕ್ಕೆ ಮುಕ್ಕಾಲು ಗಂಟೆ ಕೊಡುವುದು ಅವರಿಂದ ಆಗದು. “ನಾನು ಹೇಳೋದೆಲ್ಲ ಡಾಕ್ಟ್ರು ಕಲಿಸಿದ್ದೇ. ಅವರಿಗೆ ಪುರುಸೊತ್ತಿಲ್ಲ, ನನಗಿದೆ. ವ್ಯತ್ಯಾಸ ಅಷ್ಟೇ” ಎಂದು ಸೂಜಿಯಕ್ಕ ಮಾತು ಮುಗಿಸುತ್ತಾರೆ.

ಜೋಡಿಗಳನ್ನು ಇಲ್ಲಿಗೆ ಕರೆತರುವ ಸೋಂಕು ಹರ್ಪಿಸ್. ಹೆಸರು ಕೇಳಿದೊಡನೆ ಸರ್ಪಸುತ್ತು ಎನ್ನುವವರುಂಟು. ಅದನ್ನು ತರುವ ವೈರಸ್ಸು ಬೇರೆ. ಹರ್ಪಿಸ್‌ನಲ್ಲಿ ಎರಡು ಬಗೆ. ಮೊದಲನೆಯದು ಹೆಚ್ಚಾಗಿ ತುಟಿಯಂಚಿನಲ್ಲಿ ಗುಳ್ಳೆಯಾಗಿ ಕಾಣಿಸುತ್ತದೆ. ಬಹಳ ಮಂದಿಗೆ ಬಾಲ್ಯದಲ್ಲೇ, ಹಿರಿಯರ ಮುದ್ದಿನಿಂದಲೇ ಅಂಟಿರುತ್ತದೆ. ಎರಡನೆಯದು ಸೊಂಟದ ಕೆಳಗಿನದು, ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಅಂಟುವುದು. ಮೊದಲನೆಯದು ಬಾಯಿಯ ಸಂಪರ್ಕದಿಂದ ಅಲ್ಲಿಗೂ ಇಳಿಯಬಲ್ಲದು. ಒಮ್ಮೆ ಹೊಕ್ಕ ವೈರಸ್ಸು ದೇಹದಲ್ಲೇ ಉಳಿಯುತ್ತದೆ. ಗುಳ್ಳೆ ಎಂದೂ ಕಾಣದವರಿಂದಲೂ ಅದು ಹರಡಬಹುದು. ಜೀವಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ, ಹತೋಟಿಗೆ ಮಾತ್ರೆಗಳಿವೆ. ಮನೆ ಒಡೆಯುವುದು ಸೋಂಕಿನಿಂದಲ್ಲ, ವರದಿಯನ್ನು ಓದುವ ರೀತಿಯಿಂದ.

ವರದಿಗಳು ಪರಸ್ಪರ ಹೊಂದದಿರಲು ಕಾರಣ ಒಂದೇ ಅಲ್ಲ. ರಕ್ತಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ. ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ತಯಾರಾಗಲು ವಾರಗಳು ಬೇಕು, ಕೆಲವರಲ್ಲಿ ಮೂರು ತಿಂಗಳು, ನಾಲ್ಕು ತಿಂಗಳು. ಅದಕ್ಕೆ ಮೊದಲು ಪರೀಕ್ಷಿಸಿದರೆ ಸೋಂಕಿದ್ದರೂ ಇಲ್ಲವೆಂದು ಬರುತ್ತದೆ. ಇನ್ನು, ಇಲ್ಲದವರಿಗೆ ಇದೆ ಎಂದು ಬರುವುದೂ ಉಂಟು. ಉದಾಹರಣೆಗೆ, ಸಾವಿರ ಜನರಲ್ಲಿ ಇಪ್ಪತ್ತು ಮಂದಿಗೆ ಮಾತ್ರ ಸೋಂಕಿದೆ ಎಂದಿಟ್ಟುಕೊಳ್ಳೋಣ. ಸೋಂಕಿಲ್ಲದ ನೂರರಲ್ಲಿ ಇಬ್ಬರ ವಿಷಯದಲ್ಲಿ ಪರೀಕ್ಷೆ ತಪ್ಪುತ್ತದೆ ಎಂದೂ ಇಟ್ಟುಕೊಳ್ಳೋಣ. ಉಳಿದ ಒಂಬೈನೂರ ಎಂಬತ್ತು ಮಂದಿಯಲ್ಲಿ ಹತ್ತಿರಹತ್ತಿರ ಇಪ್ಪತ್ತು ಜನ ತಪ್ಪು ವರದಿ ಹಿಡಿದು ಮನೆಗೆ ಹೋಗುತ್ತಾರೆ. ಅಂದರೆ ‘ಇದೆ’ ಎಂಬ ವರದಿಗಳಲ್ಲಿ ಅರ್ಧ ಸುಳ್ಳು. ಆದ್ದರಿಂದಲೇ ‘ಇದೆ’ ‘ಇಲ್ಲ’ಗಳ ನಡುವಿನ ಗಡಿರೇಖೆಯ ಸಮೀಪ ಬಂದ ವರದಿಯನ್ನು ಸೂಜಿಯಕ್ಕ ನಂಬಲು ಬಿಡುವುದಿಲ್ಲ. ಬೇರೆ ವಿಧಾನದ ಎರಡನೆಯ ಪರೀಕ್ಷೆ ಬರೆಸಲು ವೈದ್ಯರ ಬಳಿಗೆ ಹಿಂದಕ್ಕೆ ಕಳುಹಿಸುತ್ತಾರೆ.

ಇಪ್ಪತ್ತೆರಡು ವರ್ಷಗಳಿಂದ ಇದೇ ಕೊಠಡಿ. ತಂದೆ ತೀರಿಕೊಂಡಾಗ ಇವರು ಹದಿನೆಂಟರ ಹುಡುಗಿ. ಕೈಕೆಳಗೆ ಇಬ್ಬರು ತಂಗಿಯರು. ವಾರ್ಡಿನಲ್ಲಿ ಹಾಸಿಗೆಬಟ್ಟೆ ಬದಲಿಸುತ್ತ, ಸಂಜೆಯ ತರಗತಿಯಲ್ಲಿ ಕಲಿತು, ಎರಡು ಸಲ ನಪಾಸಾಗಿ, ಮೂರನೆಯ ಸಲಕ್ಕೆ ತಂತ್ರಜ್ಞೆಯಾದವರು. ಬಲಗೈಯ ಮಣಿಕಟ್ಟು ಈಗ ಸಂಜೆ ಹೊತ್ತು ಊದಿಕೊಳ್ಳುತ್ತದೆ. ಗಂಡ ದರ್ಜಿ. “ಮನೇಲಿ ಇಬ್ಬರದೂ ಸೂಜಿ ಕೆಲಸವೇ. ನನ್ನ ಗಿರಾಕಿಗಳು ಮಾತ್ರ ಅಳೋದಿಲ್ಲ” ಎನ್ನುವುದು ಗಂಡನ ಹಳೆಯ ಹಾಸ್ಯ. ಅತ್ತೆಗೆ ಸೊಸೆಯ ಕೆಲಸದ ವಿಷಯ ಹೇಳಿಕೊಳ್ಳಲು ಸಂಕೋಚ. ನೆಂಟರಿಷ್ಟರಿಗೆಲ್ಲ ಕಣ್ಣಿನ ವಿಭಾಗ ಎಂದು ಹೇಳಿಬಿಟ್ಟಿದ್ದಾರೆ. ಪರಿಣಾಮವಾಗಿ ಪಕ್ಕದ ಮನೆಯವರು ಕನ್ನಡಕದ ನಂಬರು ಕೇಳಿಕೊಂಡು ಬರುತ್ತಾರೆ.

ಈ ಕೆಲಸದಲ್ಲಿ ಕೃತಜ್ಞತೆಗೆ ಜಾಗವಿಲ್ಲ. ಕೊಠಡಿಯಲ್ಲಿ ಕೈ ಹಿಡಿದು ಅತ್ತವರು ತರಕಾರಿ ಅಂಗಡಿಯಲ್ಲಿ ಎದುರಾದರೆ ಕೂಡಲೇ ಮುಖ ತಿರುಗಿಸಿಕೊಳ್ಳುತ್ತಾರೆ. “ನಾನೂ ಮೊದಲು ಮಾತಾಡಿಸಲ್ಲ. ಬದನೆಕಾಯಿ ಆರಿಸ್ತಾ ಇದ್ದುಬಿಡ್ತೀನಿ. ಎಷ್ಟೋ ಸಲ ಬೇಡದಿದ್ರೂ ಬದನೆಕಾಯಿ ಮನೆಗೆ ಬಂದಿದೆ” ಎಂದು ನಗುತ್ತಾರೆ.

ಒಂದು ಜೋಡಿಯ ಮಾತುಕತೆಗೆ ಕುಳಿತಿರಲು, ಪತ್ರಿಕೆಗೆ ಬರೆಯಲು ಬಂದಿದ್ದ ನನಗೆ ಅನುಮತಿ ಸಿಕ್ಕಿತು. ಗುರುತು ಹತ್ತುವ ವಿವರಗಳನ್ನು ಬಿಡಬೇಕೆಂಬುದು ಷರತ್ತು. ಗಂಡ ಲಿಫ್ಟ್ ದುರಸ್ತಿಯವರು. ಕೆಲಸದ ಮೇಲೆ ಪರವೂರುಗಳಲ್ಲಿ ವಾರಗಟ್ಟಲೆ ಉಳಿಯುತ್ತಾರೆ. ಹೆಂಡತಿ ಶಾಲಾ ವ್ಯಾನಿನ ಚಾಲಕಿ. ಮದುವೆಯಾಗಿ ಹನ್ನೊಂದು ವರ್ಷ.

ಮೂರೂವರೆ ತಿಂಗಳ ಹಿಂದೆ ಗಂಡನಿಗೆ, ಜೀವನದಲ್ಲಿ ಮೊದಲ ಬಾರಿಗೆ, ಸೊಂಟದ ಕೆಳಗೆ ಗುಳ್ಳೆಗಳೆದ್ದವು. ಗುಳ್ಳೆಯ ದ್ರವವನ್ನು ಪರೀಕ್ಷಿಸಿದಾಗ ಮೊದಲನೆಯ ಬಗೆಯ ಹರ್ಪಿಸ್ ಎಂದು ಬಂತು. ಅದೇ ದಿನ ಇಬ್ಬರ ರಕ್ತವನ್ನೂ ತೆಗೆದಿದ್ದರು. ಗುಳ್ಳೆ ಇದ್ದ ಗಂಡನ ರಕ್ತದಲ್ಲಿ ಏನೂ ಇಲ್ಲ. ಗುಳ್ಳೆಯೇ ಇಲ್ಲದ ಹೆಂಡತಿಯ ರಕ್ತದಲ್ಲಿ ಮೊದಲನೆಯ ಬಗೆ ಸ್ಪಷ್ಟವಾಗಿ ಇದೆ. ಹೆಂಡತಿಯ ತೀರ್ಮಾನ: ಪರವೂರಿನಿಂದ ತಂದು ನನಗೂ ಅಂಟಿಸಿದರು. ಗಂಡನ ಉತ್ತರ: ನನ್ನ ರಕ್ತ ಶುದ್ಧ, ನಿನ್ನದನ್ನು ನೋಡಿಕೋ. ಅಂದು ಸೂಜಿಯಕ್ಕ ಎಷ್ಟು ಹೇಳಿದರೂ ಇಬ್ಬರ ಕಿವಿಗೂ ಬೀಳಲಿಲ್ಲ. ಹೆಂಡತಿ ಬಟ್ಟೆಬರೆ ಕಟ್ಟಿಕೊಂಡು ತಮ್ಮ ಅಕ್ಕನ ಮನೆ ಸೇರಿದರು. ಮುಂದಿನ ಪರೀಕ್ಷೆ ನೋಡಿ, ಬಾಳುವುದೋ ಬಿಡುವುದೋ ನಿರ್ಧರಿಸುವೆ ಎಂದರು.

ಇಂದು ಆ ಪರೀಕ್ಷೆಯ ಫಲ ಬಂದಿದೆ. ಇಬ್ಬರೂ ಪಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತಿದ್ದಾರೆ. ಹೆಂಡತಿಯ ಕೈಯಲ್ಲಿ ವ್ಯಾನಿನ ಕೀಲಿ ತಿರುಗುತ್ತಲೇ ಇದೆ. ಗಂಡನ ಕಡೆ ಅವರು ನೋಡುವುದಿಲ್ಲ; ಹೇಳುವುದನ್ನೆಲ್ಲ ಸೂಜಿಯಕ್ಕನಿಗೇ ಹೇಳುತ್ತಾರೆ.

“ಇವರದು ಏನು ಬಂತು, ಅದನ್ನ ಹೇಳಿ ಅಕ್ಕ.”

“ಈಗ ಇವರ ರಕ್ತದಲ್ಲೂ ಮೊದಲನೇ ಬಗೆ ಬಂದಿದೆ. ಎರಡನೇದು ಇಬ್ಬರಿಗೂ ಇಲ್ಲ” ಎಂದು ಸೂಜಿಯಕ್ಕ ಎರಡೂ ವರದಿಗಳನ್ನು ಮೇಜಿನ ಮೇಲೆ ಹರಡುತ್ತಾರೆ. “ಅವತ್ತು ಗುಳ್ಳೆ ಎದ್ದು ನಾಲ್ಕೇ ದಿನ ಆಗಿತ್ತು. ರಕ್ತಕ್ಕಿನ್ನೂ ಸುದ್ದಿ ಮುಟ್ಟಿರ್ಲಿಲ್ಲ. ಅಂದ್ರೆ ಇವರಿಗೆ ಅದು ಆಗ ಹೊಸದು. ಆದ್ರೆ ನಿಮ್ಮ ರಕ್ತದಲ್ಲಿ ಅವತ್ತೇ ಚೆನ್ನಾಗಿ ಇತ್ತು. ಹಾಗಾದ್ರೆ ಯಾವುದು ಹಳೇದು?”

ಕೀಲಿ ನಿಲ್ಲುತ್ತದೆ.

“ನಂದು?”

“ಬಹುಮಟ್ಟಿಗೆ ಹಾಗೇ. ನಿಮಗೆ ತುಟಿ ಮೇಲೆ ಯಾವತ್ತಾದ್ರೂ ಗುಳ್ಳೆ ಬಂದಿತ್ತಾ?”

“ಶಾಲೇಲಿದ್ದಾಗ. ಪರೀಕ್ಷೆ ಹತ್ರ ಬಂದ್ರೆ ಬರ್ತಿತ್ತು. ಅಮ್ಮನಿಗೂ ಬರ್ತಿತ್ತು. ಅದು ಜ್ವರದ ಗುಳ್ಳೆ ಅಲ್ವಾ?”

“ಅದೇ ಇದು.”

ಗಂಡ ಉಸಿರು ಬಿಟ್ಟು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. “ಕೇಳಿದ್ಯಾ? ಮನೆಯಿಂದಲೇ ಬಂದಿದ್ದು! ಮೂರೂವರೆ ತಿಂಗಳು ನನ್ನ ಷಡ್ಡಕನ ಬಾಯಿಗೆ ಆಹಾರವಾದೆ. ಮೆಟ್ಟಿಲ ಮೇಲೆ ನಿಲ್ಲಿಸ್ಕೊಂಡು, ‘ಏನಪ್ಪಾ, ಲಿಫ್ಟ್ ರಿಪೇರಿ ಅಂತ ಯಾವ ಯಾವ ಮಹಡಿ ಹತ್ತಿ ಬಂದೆ’ ಅಂತ ಕೇಳ್ತಾನೆ. ಅಕ್ಕ, ಒಂದೇ ಒಂದು ಸಾಲು ಬರೆದುಕೊಡಿ. ಇವನ ತಪ್ಪೇನಿಲ್ಲ, ಹೆಂಡತಿಯಿಂದಲೇ ಬಂದಿದೆ ಅಂತ. ಕೆಳಗೊಂದು ಸೀಲು ಹಾಕಿ.”

“ಆಗಲ್ಲಪ್ಪ.”

“ಯಾಕೆ? ನೀವೇ ಈಗ ಹೇಳಿದ್ರಲ್ಲ!”

“ಅವರದು ಹಳೇದು ಅಂದೆ. ನೀವು ತಂದು ಅವರಿಗೆ ಅಂಟಿಸಿದ್ದು ಅನ್ನೋ ಮಾತು ನಿಲ್ಲಲ್ಲ ಅಂತ ಬೇಕಾದ್ರೆ ಇನ್ನೊಂದ್ಸಲ ಹೇಳ್ತೀನಿ. ನಿಮಗೆ ಮನೆಯಿಂದಲೇ ಬಂದಿರೋ ಸಂಭವ ಜಾಸ್ತಿ. ಆದ್ರೆ ಇದೇ ವೈರಸ್ಸು ಬೇರೆ ಕಡೆಯಿಂದಲೂ ಬರಬಹುದಿತ್ತು. ಯಾರಿಂದ ಬಂತು ಅಂತ ರಕ್ತ ಹೇಳಲ್ಲ. ಅದು ಹೇಳದೇ ಇರೋದನ್ನ ನಾನು ಬರೆಯಲ್ಲ.”

ಗಂಡನ ದನಿ ಏರುತ್ತದೆ. ಆ ಒಂದು ಸಾಲಿಲ್ಲದೆ ಹೆಂಡತಿ ಮನೆಗೆ ಬರುವುದಿಲ್ಲ, ಮನೆ ಮುರಿದರೆ ಹೊಣೆ ಯಾರು ಎಂದು ಕೇಳುತ್ತಾರೆ. ಸೂಜಿಯಕ್ಕ ಪೆನ್ನನ್ನು ಮುಟ್ಟುವುದಿಲ್ಲ. ಲೆಕ್ಕದಲ್ಲಿ ಇಂಥ ಸಮಸ್ಯೆಗಳಿರುತ್ತವೆ: ಕೊಟ್ಟ ಅಂಕಿಗಳು ಉತ್ತರಕ್ಕೆ ಸಾಲವು. ಅಲ್ಲಿ ‘ಸಾಲದು’ ಎಂದು ಬರೆದವನಿಗೇ ಪೂರ್ಣ ಅಂಕ.

ಮಾತಾಡಿದ್ದು ಹೆಂಡತಿ. ಕೊಠಡಿಗೆ ಬಂದ ಮೇಲೆ ಮೊದಲ ಸಲ ಅವರು ಗಂಡನ ಕಡೆ ತಿರುಗಿದರು.

“ಭಾವನಿಗೆ ಪೇಪರ್ ತೋರಿಸಿದ್ರೆ ನಾನು ಬರ್ತೀನಿ ಅಂತ ಯಾರ್ರೀ ಹೇಳಿದ್ದು? ಇವರನ್ನ ಯಾಕೆ ಬರೆದುಕೊಡಿ ಅಂತ ಕೇಳ್ತೀರಾ? ನನಗೆ ಹೇಳಿ.”

ಗಂಡ ಮೇಜಿನ ಮೇಲಿನ ವರದಿಯನ್ನು ಬದಿಗೆ ಸರಿಸಿದರು. “ನಿನ್ನ ಬಿಟ್ಟು ಇನ್ನೊಬ್ಬರ ಹತ್ರ ನಾನು ಹೋಗಿಲ್ಲ. ಒಂದ್ಸಲಾನೂ.”

“ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀನು ಪೇಪರ್ ಹಿಡ್ಕೊಂಡು ನಿಂತಿದ್ದೆ. ನಾನೂ ಪೇಪರ್ ಹಿಡ್ಕೊಂಡೆ. ನಿನ್ನ ಬಗ್ಗೆ ಬಾಯಿಗೆ ಬಂದ ಹಾಗೆ ಅಂದೆ... ಅದು ತಪ್ಪು.”

“ನಾನೂ ಕಮ್ಮಿ ಅಂದಿಲ್ಲ” ಎಂದು ಹೆಂಡತಿ ಕೀಲಿಯನ್ನು ಚೀಲಕ್ಕೆ ಹಾಕಿದರು. ಅವರು ಅಳಲಿಲ್ಲ. ಗಂಡನ ಮಾತನ್ನು ಅಳೆಯುವವರಂತೆ ಅವರ ಮುಖವನ್ನೊಮ್ಮೆ ನೋಡಿ ಎದ್ದು ನಿಂತರು. “ಮಧ್ಯಾಹ್ನ ವ್ಯಾನಿನ ಮಕ್ಕಳನ್ನ ಮನೆಗಳಿಗೆ ಬಿಟ್ಟು ಬರ್ತೀನಿ. ನನ್ನ ಸಾಮಾನು ಮೂರನೇ ಮಹಡೀಲಿದೆ. ಅಕ್ಕನ ಮನೇಲಿ ಲಿಫ್ಟ್ ಇಲ್ಲ, ನೀವೇ ಹೊತ್ತು ಇಳಿಸ್ಬೇಕು.”

“ಷಡ್ಡಕ ಮೆಟ್ಟಿಲಲ್ಲೇ ನಿಂತಿರ್ತಾನೆ.”

“ನಿಂತಿರ್ಲಿ. ದೊಡ್ಡ ಪೆಟ್ಟಿಗೆ ಅವರ ಕೈಗೇ ಕೊಡಿ.”

ಗುಳ್ಳೆ ಇದ್ದಾಗ ದೂರವಿರಬೇಕೆಂದೂ, ಮಾತ್ರೆಗೆ ವೈದ್ಯರನ್ನು ಕಾಣಬೇಕೆಂದೂ ಸೂಜಿಯಕ್ಕ ಹೇಳಿದರು. ಇಬ್ಬರೂ ತಲೆಯಾಡಿಸಿ ಹೊರಟರು. ಧನ್ಯವಾದ ಹೇಳುವುದು ಇಬ್ಬರಿಗೂ ನೆನಪಾಗಲಿಲ್ಲ.

ಗಂಡನ ಮಾತು ನಿಜವೆಂದು ನಿಮಗೆ ಅನ್ನಿಸಿತೇ ಎಂದು ಕೇಳಿದೆ. ಸೂಜಿಯಕ್ಕ ಊದಿದ ಮಣಿಕಟ್ಟನ್ನು ನೀವಿಕೊಂಡರು.

“ಅದನ್ನ ನಂಬಬೇಕಾದವರು ನಂಬಿದ್ರಲ್ಲ ಸಾರ್. ನನ್ನ ಹತ್ರ ಇರೋದು ಒಂದೇ ಗೆರೆ. ಈಚೆಗಿರೋದು ನನಗೆ ಗೊತ್ತು, ಆಚೆಗಿರೋದು ಗೊತ್ತಿಲ್ಲ. ಅತ್ತಿದ್ದಾರೆ, ಕಾಲು ಹಿಡಿದಿದ್ದಾರೆ, ಹೆದರಿಸಿಯೂ ಇದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ಆ ಗೆರೆ ನಾನು ದಾಟಿಲ್ಲ.”