ಸಿಲ್ವಿಯಾ ಓದುವ ನಾಲ್ಕು ಪತ್ರಗಳು

ಬೆಳಗಿನ ಐದು ಗಂಟೆ. ಮುಂಡಗೋಡದಿಂದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಬಸ್‌ನಿಲ್ದಾಣದ ಹಿಂದಿನ ಓಣಿಯ ಕಂಪ್ಯೂಟರ್ ಕೇಂದ್ರದಲ್ಲಿ ಸಿಲ್ವಿಯಾ ಚಾದರ ಹೊದ್ದು ಕಪ್ಪು ಪರದೆಯ ಮುಂದೆ ಕುಳಿತಿದ್ದಾರೆ. ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಒಂದು ಸಾಲು ಟೈಪು ಮಾಡುತ್ತಾರೆ, ಕೈ ಎತ್ತಿ ನೋಟ್‌ಬುಕ್ಕು ನೋಡುತ್ತಾರೆ, ಮತ್ತೆ ಪರದೆ ನೋಡುತ್ತಾರೆ, ಆಮೇಲೆ ಎಂಟರ್ ಒತ್ತುತ್ತಾರೆ. ಈ ಹೊತ್ತಿನಲ್ಲಿ ಕರೆಂಟು ಹೋಗುವುದು ಕಡಿಮೆ, ಫೋನ್ ಲೈನೂ ಕಡಿಯುವುದಿಲ್ಲ. ಕೆಲಸ ನಡೆಯುತ್ತಿರುವ ಲಿನಕ್ಸ್ ಸರ್ವರ್ ಮಾತ್ರ ಮುಂಬೈಯಲ್ಲಿದೆ. ಅದನ್ನು ಅವರು ಒಮ್ಮೆಯೂ ಕಣ್ಣಾರೆ ಕಂಡಿಲ್ಲ.

ಅವರ ಬಗ್ಗೆ ಪತ್ರಿಕೆಗೆ ಲೇಖನ ಬರೆಯಲು ಹೋಗಿದ್ದ ನನಗೆ ಅವರ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಎರಡು ದಿನ ಹಿಡಿಯಿತು, ಕಂಪ್ಯೂಟರ್ ಎಂದರೆ ನನಗೆ ಕಬ್ಬಿಣದ ಕಡಲೆ. ಒಂದು ಸರ್ವರಿನಲ್ಲಿ ಮೂವತ್ತು, ನಲವತ್ತು ವೆಬ್‌ಸೈಟುಗಳು ಇರುತ್ತವೆ. ಅವುಗಳ ಇ-ಮೇಲ್ ಅಂಚೆ, ಪಾಸ್‌ವರ್ಡು, ಕಡತಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳಲು ಕಂಟ್ರೋಲ್ ಪ್ಯಾನೆಲ್ ಎಂಬ ಕಾರಭಾರಿಯನ್ನು ಕೂರಿಸುತ್ತಾರೆ. ಕೇಂದ್ರದ ಮಾಲೀಕ ಅಡಿವೆಯ್ಯ ಹೀಗೆ ಹದಿನೈದು ಸರ್ವರುಗಳಲ್ಲಿ ಕೂರಿಸಿದ್ದ ಪ್ಯಾನೆಲ್ಲನ್ನು ತಯಾರಿಸಿದವರೇ ಈಗ ಕೈಬಿಟ್ಟಿದ್ದಾರೆ. ಅದರ ಸಂದಿಯಲ್ಲಿ ಕಳ್ಳರು ನುಗ್ಗುತ್ತಿದ್ದಾರೆ. ಹಾಗಾಗಿ ಅದನ್ನು ಬೇರುಸಹಿತ ತೆಗೆಯಬೇಕು, ಸೈಟುಗಳಿಗೆ ಏನೂ ಆಗಬಾರದು.

"ಹಾಕೂದು ಸಸಾರ ರೀ, ತೆಗಿಯೂದು ತ್ರಾಸ. ಹಾಕಾಕ ಒಂದ ಸಾಲು ಸಾಕು. ತೆಗಿಯಾಕ ಅದರಾಗ ಒಂದೂ ಸಾಲು ಬರದಿಲ್ಲ ಅವರು. ಎಲ್ಲಾದರೊಳಗೂ ಕೈ ಹಾಕಿ ಕುಂತಿರ್ತೈತಿ," ಎನ್ನುತ್ತಾರೆ ಸಿಲ್ವಿಯಾ.

ಎಲ್ಲ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿ ಎನ್ನುವುದು ತಿಳಿದವರ ಬುದ್ಧಿವಾದ. ಆದರೆ ಎರಡು ದಿನ ಅಂಚೆ ನಿಂತರೆ ಗಿರಾಕಿಗಳು ಅಡಿವೆಯ್ಯನವರ ಜೀವ ತಿನ್ನುತ್ತಾರೆ. ಅದಕ್ಕೇ ಸಿಲ್ವಿಯಾ ಕೈಯಿಂದ ಬಿಡಿಸುತ್ತಾರೆ, ಎಂಬತ್ತಮೂರು ಹಂತಗಳಲ್ಲಿ. ಮೊದಲು ಪ್ರತಿಯೊಂದು ಅಂಚೆಪೆಟ್ಟಿಗೆಯ ನಕಲು ತೆಗೆದಿಡಬೇಕು. ಪ್ಯಾನೆಲ್ ತಿದ್ದಿದ ಕಡತಗಳನ್ನು ಒಂದೊಂದಾಗಿ ಮೊದಲಿನಂತೆ ಮಾಡಬೇಕು. ಕಟ್ಟಕಡೆಗೆ ಅದರ ಸ್ವಂತ ಫೋಲ್ಡರನ್ನು ಅಳಿಸಬೇಕು. ನಡುವೆ ಒಂದು ಸಾಲು ತಪ್ಪಿದರೆ ಸರ್ವರ್ ಇವರನ್ನೇ ಹೊರಗಿಟ್ಟು ಬಾಗಿಲು ಹಾಕಿಕೊಳ್ಳುತ್ತದೆ, ಕೂತ ಕೊಂಬೆಯನ್ನೇ ಕಡಿದುಕೊಂಡ ಹಾಗೆ. ಈವರೆಗೆ ಹದಿಮೂರು ಸರ್ವರುಗಳು ಮುಗಿದಿವೆ. ಗಿರಾಕಿಗಳಿಗೆ ಇದೆಲ್ಲ ನಡೆದದ್ದೇ ಗೊತ್ತಿಲ್ಲ.

ಸಿಲ್ವಿಯಾ ಹಳಿಯಾಳ ತಾಲೂಕಿನ ಸಿದ್ದಿ ಕುಟುಂಬದವರು, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ನೆಲೆಸಿದ ಜನ. ತಂದೆ ಬಸ್ತ್ಯಾಂವ ಕಬ್ಬು ಕಡಿಯುವ ಕೂಲಿ. ಮನೆಮಾತು ಕೊಂಕಣಿ. ದಾಂಡೇಲಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಕಲಿತರು. ಹುಬ್ಬಳ್ಳಿಯಿಂದ ಬಂದ ಗಿರಾಕಿಯೊಬ್ಬರು ಇವರ ಎದುರಿಗೇ ನಿಂತು "ಇಂಜಿನಿಯರ್ ಎಲ್ಲಿ?" ಎಂದು ಕೇಳಿದ್ದರಂತೆ. "ಯಾವ ದೇಶದಾಕಿ ಅಂತ ಕೇಳ್ತಾರ. ಹಳಿಯಾಳ ತಾಲೂಕು ಅಂತೇನಿ. ನಂಬೂದಿಲ್ಲ," ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ.

ಸಂತೆಯ ದಿನ ಅವರಿಗೆ ಇನ್ನೊಂದು ಕೆಲಸ. ಇಂದೂರ, ಮಳಗಿ ಕಡೆಯ ಹಳ್ಳಿಗಳಿಂದ ಗೋವಾಕ್ಕೆ ದುಡಿಯಲು ಹೋದವರು ಅಲ್ಲಿನ ಅಂಗಡಿಗಳಲ್ಲಿ ಯಾರಿಂದಲೋ ಬರೆಸಿ ಇ-ಮೇಲ್ ಕಳಿಸುತ್ತಾರೆ. ಕೇಂದ್ರದ ಸರ್ವರಿನಲ್ಲಿ ಊರಿಗೊಂದು ಅಂಚೆಪೆಟ್ಟಿಗೆ. ಸಂತೆಗೆ ಬಂದ ಮನೆಯವರಿಗೆ ಸಿಲ್ವಿಯಾ ಓದಿ ಹೇಳುತ್ತಾರೆ. ಹೊಸ ಪತ್ರ ಇಲ್ಲದಿದ್ದರೆ ಹಳೆಯದನ್ನೇ ಇನ್ನೊಮ್ಮೆ ಓದಿಸಿಕೊಂಡು ಹೋಗುವುದು ಇಲ್ಲಿಯ ರೂಢಿ.

ನಾನು ಹೋದ ದಿನ ಇಂದೂರ ಹತ್ತಿರದ ಲಂಬಾಣಿ ತಾಂಡಾದಿಂದ ಭೀಮಿಬಾಯಿ ಬಂದಿದ್ದರು. ಅವರ ಮಗ ಕುಬೇರ ಗೋವಾದ ಮೀನು ಹಿಡಿಯುವ ಬೋಟಿನಲ್ಲಿ ಕೆಲಸಕ್ಕಿದ್ದ. 2006ರ ಮೇ ಕೊನೆಯ ಬಿರುಗಾಳಿಗೆ ಸಿಕ್ಕ ಬೋಟು ವಾಪಸು ಬರಲಿಲ್ಲ, ಹೆಣವೂ ಸಿಗಲಿಲ್ಲ. ಉಳಿದದ್ದು ನಾಲ್ಕು ಪತ್ರ. ತಾಂಡಾದ ಮಾತು ಟೈಪು ಮಾಡುವವನಿಗೆ ಬಾರದ್ದರಿಂದ ಕನ್ನಡದಲ್ಲಿ, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿದ್ದವು.

"ಓದು ಬಾಯಿ," ಎಂದು ಭೀಮಿಬಾಯಿ ನೆಲಕ್ಕೆ ಕುಳಿತರು.

"ಅವ್ವಾ, ನಾ ಆರಾಮ ಅದೇನಿ. ನಿನಗ ಒಂದ ಛತ್ರಿ ತಗೊಂಡೇನಿ. ದಿನಾ ಮೀನದ ಸಾರು..."

"ಹಂಗಲ್ಲ ಬಾಯಿ. ಮೊದಲ ಮೀನದ ಸಾರು. ಆಮ್ಯಾಲೆ ಛತ್ರಿ."

"ಹೌದ ಮೌಶಿ, ಸಾಲು ತಪ್ಪಿತು," ಎಂದರು ಸಿಲ್ವಿಯಾ. ನಾನು ಅವರ ಹಿಂದೆ ಕುಳಿತಿದ್ದೆ. ಪರದೆಯ ಮೇಲೆ ಪತ್ರವೇ ಇರಲಿಲ್ಲ. ಒಂದು ಖಾಲಿ ಹಾಳೆ ತೆರೆದಿಟ್ಟುಕೊಂಡು ಅವರು ಬಾಯಿಪಾಠ ಒಪ್ಪಿಸುತ್ತಿದ್ದರು.

ಭೀಮಿಬಾಯಿ ಹೋದ ಮೇಲೆ ಸಿಲ್ವಿಯಾ ತಾವಾಗಿಯೇ ಹೇಳಿದರು. ಅಂಚೆಪೆಟ್ಟಿಗೆಯಲ್ಲಿ ತೊಂಬತ್ತು ದಿನ ದಾಟಿದ ಪತ್ರಗಳನ್ನು ಪ್ಯಾನೆಲ್ ತಾನೇ ಅಳಿಸಿಹಾಕುತ್ತಿತ್ತು. ಅದಕ್ಕೆ ಕುಬೇರನ ಪತ್ರಗಳನ್ನು ಅವರು ಪ್ಯಾನೆಲ್ಲಿನ ಸ್ವಂತ ಫೋಲ್ಡರಿನೊಳಗೆ ಬಚ್ಚಿಟ್ಟಿದ್ದರು. ಅಲ್ಲಿ ಯಾರೂ ಕೈ ಹಾಕುವುದಿಲ್ಲ ಎಂಬ ಧೈರ್ಯ.

"ನಮ್ಮನ್ಯಾಗ ಕಾಗದಪತ್ರ, ಬಂಗಾರದ ಚೂರು, ಏನ ಇದ್ರೂ ಭತ್ತದ ಕಣಜದಾಗ ಹೂಳಿ ಇಡ್ತಾರ್ರಿ. ಅದ ರೂಢಿ ನನಗ. ಹೋದ ಜೂನದಾಗ, ಅವ ಹೋಗಿ ವರ್ಷ ಆಗಿತ್ತು, ನಮ್ಮ ಸರ್ವರ್ ಪಾಳಿ ಬಂತು. ಇನ್ನೂರಾ ಹನ್ನೆರಡು ಪೆಟ್ಟಿಗಿ ನಕಲು ತಗದೆ. ಎಲ್ಲಾರ ಪತ್ರಾನೂ ಉಳದಾವು. ಕಡೀಗೆ ಆ ಫೋಲ್ಡರ್ ಅಳಿಸಿದೆ. ಅವ್ವ ಕಣಜ ಬರಿದ ಮಾಡೂ ಮುಂದ ತೋಳಮಟ ಕೈ ಹಾಕಿ ತಳಾ ನೋಡತಿದ್ಲು. ನಾ ನೋಡಲಿಲ್ಲ."

ಮೂರು ದಿನ ಡಿಸ್ಕನ್ನು ಜಾಲಾಡಿದರು, ಸಿಗಲಿಲ್ಲ. ಗೋವಾದ ಅಂಗಡಿಗೆ ಫೋನು ಮಾಡಿದರು. ಕಳಿಸಿದ ಪತ್ರಗಳನ್ನು ಅವರು ವಾರಕ್ಕೊಮ್ಮೆ ಅಳಿಸುತ್ತಾರಂತೆ. ಆ ಅಂಗಡಿಯವನಿಗೆ ಕುಬೇರ ಯಾರೆಂಬುದೇ ನೆನಪಿರಲಿಲ್ಲ. ಅಂದಿನಿಂದ ಎಂಟು ತಿಂಗಳು, ಸಂತೆ ಸಂತೆಗೂ ಸಿಲ್ವಿಯಾ ನೆನಪಿನಿಂದ ಓದುತ್ತಿದ್ದಾರೆ. ನೋಟ್‌ಬುಕ್ಕಿನಲ್ಲಿ ಎಂಬತ್ತೆರಡಿದ್ದ ಹಂತಗಳು ಎಂಬತ್ತಮೂರಾದದ್ದು ಆಮೇಲೆಯೇ: ಅಳಿಸುವ ಮೊದಲು ಒಳಗೆ ಏನಿದೆ ನೋಡುವುದು.

"ಸುಳ್ಳ ಓದಾಕತ್ತೇನಿ ಅನಸ್ತೈತಿ. ಮಾತು ಒಂದೊಂದ ಜಾರಾಕತ್ತಾವು. ಇನ್ನೊಂದ ವರ್ಷಕ್ಕ ಅವ ಏನ ಅಂದಿದ್ದ, ನಾ ಏನ ಕೂಡಿಸಿದೆ, ನನಗ ತಿಳಿಯಂಗಿಲ್ಲ."

ಆ ತಾಯಿಯ ಮುಖ ಆಗಷ್ಟೇ ನೋಡಿದ್ದೆ. ಲೇಖನದಲ್ಲಿ ಈ ಸಂಗತಿ ಬರೆಯುವುದಿಲ್ಲ, ನಿಮ್ಮ ಕೆಲಸದ ಬಗ್ಗೆಯಷ್ಟೇ ಬರೆಯುತ್ತೇನೆ ಎಂದೆ. ಸಿಲ್ವಿಯಾ ತಲೆ ಅಲ್ಲಾಡಿಸಿದರು.

"ಬಿಡಬ್ಯಾಡ್ರಿ, ಬರೀರಿ. ಬಾಯಿಬಿಟ್ಟು ಹೇಳೂಣು ಅಂತ ಎಂಟ ತಿಂಗಳಿಂದ ನೋಡಾಕತ್ತೇನಿ, ಆಗವಲ್ದು. ಪೇಪರದಾಗ ಅಚ್ಚಾಗಿ ಬಂದ್ರ ಮೌಶಿಗೆ ಓದಾಕಿ ನಾನ. ಅಚ್ಚಾದ್ದನ್ನ ಇದ್ದಂಗ ಓದತೇನಿ ರೀ. ಒಂದ ಅಕ್ಷರಾನೂ ಬಿಡಂಗಿಲ್ಲ."